ಮಚ್ಚಕ್ಕನ ಬಲಗೈ

ಮಚ್ಚು ಕೈಯಿಂದ ಹಾರಿ, ಸಾಲಿನಲ್ಲಿ ಮೊದಲು ನಿಂತಿದ್ದ ಮೇಷ್ಟ್ರ ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹಾದು, ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡು ನಿಂತಿತು. ಮಾಂಸದಂಗಡಿಯಲ್ಲಿದ್ದ ಏಳೆಂಟು ಗಿರಾಕಿಗಳು ದಡಕ್ಕನೆ ಹಿಂದಕ್ಕೆ ಸರಿದರು. ಮೇಷ್ಟ್ರು ಮಾತ್ರ ಮೆಲ್ಲಗೆ ಕೈಯೆತ್ತಿ, ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡರು.

"ಇದೆ ಇದೆ, ಎಲ್ಲಿಗೂ ಹೋಗಿಲ್ಲ," ಎಂದಳು ಮಚ್ಚಕ್ಕ. "ಕಡಿಯೋ ಜಾಗದಲ್ಲಿ ಕತ್ತು ಚಾಚ್ಕೊಂಡು ನಿಂತ್ರೆ ಇನ್ನೇನಾಗತ್ತೆ ಮೇಷ್ಟ್ರೇ? ಹಿಡಿಗೆ ಕೊಬ್ಬು ಮೆತ್ಕೊಂಡಿತ್ತು, ಜಾರ್ತು. ಹೂಂ, ನಿಮಗೆ ತೊಡೆ ಕಡೇದಾ, ಪಕ್ಕೆದಾ?"

ಯಾರೋ ಒಬ್ಬರು ನಕ್ಕರು, ಉಳಿದವರೂ ನಕ್ಕರು. ತಕ್ಕಡಿಯ ಹಿಂದೆ ಕೂತಿದ್ದ ಅವಳ ಗಂಡ ಮಾತ್ರ ನಗಲಿಲ್ಲ. ಅವನು ಸಾಮಾನ್ಯವಾಗಿ ಹೆಂಡತಿಯ ಮುಖ ನೋಡಿಕೊಂಡೇ ನಗುವುದು. ಮಗಳು ತನ್ನ ಸಣ್ಣ ಚಾಕುವನ್ನು ಬದಿಗಿಟ್ಟು, ಚೌಕಟ್ಟಿನ ಹತ್ತಿರ ಹೋಗಿ, ಮಚ್ಚನ್ನು ಅಲ್ಲಾಡಿಸಿ ಕಿತ್ತಳು. ಹಿಡಿಯ ಮೇಲೆ ಬೆರಳಾಡಿಸಿದಳು. ಒಣಗಿದ ಮರ.

"ಇದ್ರಲ್ಲಿ ಕೊಬ್ಬೇ ಇಲ್ವಲ್ಲಮ್ಮ," ಎಂದಳು, ತಾಯಿಗೆ ಮಾತ್ರ ಕೇಳುವಷ್ಟು ಮೆತ್ತಗೆ.

ಕಪಾಳಕ್ಕೆ ಬಿತ್ತು. ಎಲ್ಲರೆದುರಿಗೆ, ಬಲಗೈಯಿಂದ. ಹೊಡೆಸಿಕೊಂಡವಳು ಮುಖ ಒರೆಸಿಕೊಂಡು ತನ್ನ ಮೂಲೆಗೆ ಹೋಗಿ ಕೂತಳು. ಹೊಡೆದವಳು ಬೆನ್ನು ತಿರುಗಿಸಿ, ಹೆಬ್ಬೆರಳ ಬುಡವನ್ನು ಇನ್ನೊಂದು ಕೈಯಲ್ಲಿ ಅಮುಕಿ ಹಿಡಿದು, ನೋವು ಇಳಿಯುವ ತನಕ ಗೋಡೆ ನೋಡುತ್ತಾ ನಿಂತಳು.

ಆ ಬಲಗೈ ಬೀದಿಗೆಲ್ಲ ಗೊತ್ತಿದ್ದ ಕೈ. ಮೂವತ್ತನಾಲ್ಕು ವರ್ಷ ಆ ಅಂಗಡಿಯ ಮರದ ದಿಮ್ಮಿಯ ಮುಂದೆ ನಿಂತು ಕುರಿ ಕಡಿದದ್ದು ಅದೇ. ಬೆನ್ನುಮೂಳೆಯನ್ನು ಹನ್ನೊಂದೇ ಏಟಿಗೆ ಉದ್ದಕ್ಕೆ ಸೀಳುತ್ತಿತ್ತು, ಹನ್ನೆರಡನೆಯದು ಬೇಕಾಗಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಮರೆತು ಜನ ಅವಳನ್ನು ಮಚ್ಚಕ್ಕ ಎಂದು ಕರೆಯತೊಡಗಿದ್ದು ಆಗಲೇ. ಹೊಡೆಯುವುದರಲ್ಲೂ ಅದು ಹಿಂದೆ ಬಿದ್ದದ್ದಲ್ಲ. ಗಂಡನಿಗೆ ಎರಡು ಸಲ, ಅಂಗಡಿ ತಪಾಸಣೆಗೆ ಬಂದು ನಾಲಗೆ ಜಾರಿದ ಅಧಿಕಾರಿಗೆ ಒಂದು ಸಲ, ಮಗಳಿಗೆ ಲೆಕ್ಕವಿಲ್ಲದಷ್ಟು. ಮಗಳೆಂದರೆ ಅವಳಿಗೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಪ್ರೀತಿ ಹೊರಗೆ ಬರುತ್ತಿದ್ದದ್ದು ಅಂಗೈಯಿಂದ. ಜ್ವರ ಬಂದರೆ ಯಾಕೆ ಬಂತು ಎಂದು ಒಂದು, ವಾಸಿಯಾದರೆ ಇನ್ನು ಹುಷಾರು ಎಂದು ಒಂದು. ಮಗಳಿಗೆ ಈಗ ಮೂವತ್ತೊಂದು. ತಾಯಿಯ ಭುಜ ಕದಲಿದರೆ ಸಾಕು, ಎಡಗೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತಿತ್ತು.

ಆ ಕೈಗೆ ಏನಾಗಿದೆ ಎಂದು ಮನೆಯೊಳಗಿನವರಿಗೆ ಗೊತ್ತಿತ್ತು. ಬೆಳಿಗ್ಗೆ ಬಿಸಿನೀರಿನ ಪಾತ್ರೆಯಲ್ಲಿ ಹದಿನೈದು ನಿಮಿಷ ಮುಳುಗಿಸಿ ಇಡದ ಹೊರತು ಮುಷ್ಟಿ ಮಡಚುತ್ತಿರಲಿಲ್ಲ. ನಲ್ಲಿಯನ್ನು ಮೊಣಕೈಯಿಂದ ತಿರುಗಿಸುತ್ತಿದ್ದಳು. ರವಿಕೆಯ ಹುಕ್ಕುಗಳನ್ನು ಗಂಡ ಹಾಕುತ್ತಿದ್ದ, ಹಾಕುವಾಗ ಬೈಸಿಕೊಳ್ಳುತ್ತಿದ್ದ. ಬರೀ ಕೈಯಾಗಿದ್ದರೆ ಹೇಗೋ ಆಗುತ್ತಿತ್ತು. ಎರಡೂ ಮಂಡಿ, ಬಲ ಸೊಂಟ, ಕತ್ತಿನ ಬುಡ, ಎಲ್ಲವೂ ಸರದಿಯ ಮೇಲೆ ಕಾಡುತ್ತಿದ್ದವು. ಮೆಟ್ಟಿಲಿಳಿಯುವಾಗ ಮಂಡಿಯೊಳಗೆ ಕಟಕಟ ಸದ್ದಾಗಿ, ಕೆಳಗಿನವರಿಗೆ ಅವಳು ಬರುತ್ತಿರುವುದು ಮೊದಲೇ ತಿಳಿಯುತ್ತಿತ್ತು. ತನ್ನ ದೇಹದ ಮೇಲೆ ಅವಳಿಗೆ ಕೆಟ್ಟ ಸಿಟ್ಟು. ಒಂದು ದಿನ ಏಳಲಾಗದ ಮಂಡಿಗೆ ತೂಕದ ಬಟ್ಟಿನಿಂದ ತಾನೇ ಹೊಡೆದುಕೊಂಡಿದ್ದಳು.

ಮಚ್ಚು ಹಾರಿದ ಮಾರನೆಯ ದಿನ ಮಗಳು ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆಯ ತುದಿಯಲ್ಲಿ ಮೆತ್ತನೆಯ ಪದರ ಇರುತ್ತದೆ, ಅದು ಸವೆದರೆ, ಎಂದು ಶುರು ಮಾಡಿದರು.

"ನನಗೇ ಹೇಳ್ತೀರಾ ಡಾಕ್ಟ್ರೇ?" ಎಂದಳು ಮಚ್ಚಕ್ಕ. "ಮರಿ ಕುರಿದು ಕೀಲು ಬಿಚ್ಚಿದ್ರೆ ಬೆಳ್ಳಗೆ ಮಿರಮಿರ ಅಂತಿರತ್ತೆ. ಮುದಿದು ಹಳದಿ, ಉಜ್ಜಿ ಉಜ್ಜಿ ಗುಳಿ ಬಿದ್ದಿರತ್ತೆ. ಅದನ್ನ ನಾನು ಸೂಪಿಗೆ ಅಂತ ಅಗ್ಗಕ್ಕೆ ಕೊಟ್ಬಿಡ್ತೀನಿ."

"ನಿಮ್ಮನ್ನ ಯಾರೂ ಅಗ್ಗಕ್ಕೆ ಕೊಡ್ತಿಲ್ಲ," ಎಂದು ಡಾಕ್ಟರು ನಕ್ಕರು. "ಸವೆದಿದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡ್ಕೋಬೇಕು. ತೂಕ ಇಳಿಸಿ, ತೊಡೆಗೆ ವ್ಯಾಯಾಮ ಮಾಡಿ, ಬಿಸಿ ಶಾಖ ಕೊಡಿ, ನೋವಾದಾಗ ಮುಲಾಮು ಹಚ್ಚಿ. ಮಚ್ಚು ಮಾತ್ರ ಬೇಡ. ಆ ಹೆಬ್ಬೆರಳು ಇನ್ನು ಅದನ್ನ ತಡೆಯಲ್ಲ."

ಪಕ್ಕದ ಕೋಣೆಯಲ್ಲಿ ವ್ಯಾಯಾಮ ಕಲಿಸುವಾಕೆ ಗೋಡೆಗೊರಗಿ ಕೂತು ಕಾಲೆತ್ತುವುದನ್ನು ತೋರಿಸಿದಳು, ಊರುಗೋಲು ಹಿಡಿಯುವ ಬಗೆ ತೋರಿಸಿದಳು. ಕೊನೆಗೆ ಒಂದು ಚಮಚಕ್ಕೆ ಬ್ಯಾಂಡೇಜ್ ಸುತ್ತಿ ಕೈಗೆ ಕೊಟ್ಟಳು. "ಹಿಡಿ ದಪ್ಪ ಇದ್ದಷ್ಟೂ ಬೆರಳಿಗೆ ಕಷ್ಟ ಕಮ್ಮಿ. ಚಮಚ, ಬಾಚಣಿಗೆ, ಬೀಗದಕೈ, ಎಲ್ಲಕ್ಕೂ ಹೀಗೇ ಬಟ್ಟೆ ಸುತ್ಕೊಳ್ಳಿ."

ಅಷ್ಟು ಹೊತ್ತಿನ ಉಪದೇಶದಲ್ಲಿ ಮಚ್ಚಕ್ಕನ ತಲೆಗೆ ಹೋದದ್ದು ಅದೊಂದೇ ಮಾತು.

ದಾರಿಯಲ್ಲಿ ಮಗಳು ಹೇಳಿದಳು. "ಇನ್ಮೇಲೆ ನಾನು ಕಡೀತೀನಮ್ಮ. ನೀನು ಪಕ್ಕದಲ್ಲಿ ಕೂತ್ಕೊಂಡು ಎಲ್ಲೆಲ್ಲಿ ಅಂತ ಹೇಳು."

"ದಿಮ್ಮಿ ಹತ್ರ ಬಂದ್ರೆ ಕಾಲು ಮುರೀತೀನಿ."

"ಇನ್ನೊಂದ್ಸಲ ಹಾರಿದ್ರೆ ಯಾರ ತಲೆಗೋ?"

"ಹಾರಲ್ಲ."

ಹೆದರಿಕೆ ಅವಳಿಗಿರಲಿಲ್ಲ ಎಂದಲ್ಲ. ಅವಳು ಹೆದರಿದ್ದು ಬೇರೆಯದಕ್ಕೆ. ಮಚ್ಚು ಕೊಟ್ಟುಬಿಟ್ಟರೆ ಉಳಿಯುವುದು ಸ್ಟೂಲಿನ ಮೇಲೊಬ್ಬಳು ಮುದುಕಿ, ಹುಕ್ಕು ಹಾಕಲೂ ಗಂಡ ಬೇಕಾದವಳು. ಅವಳ ಮಾತಿಗೆ ಬೆಲೆ ಇದ್ದದ್ದು ಆ ಕೈಯಿಂದ. ಕೈ ಹೋದ ಮೇಲೆ ಮಗಳು ತನ್ನನ್ನು ಯಾಕಾದರೂ ನೋಡಿಯಾಳು?

ಮಚ್ಚಿನ ಹಿಡಿಗೆ ಅವತ್ತೇ ಬಟ್ಟೆ ಸುತ್ತಿದಳು. ನಾಲ್ಕು ದಿನ ಪರವಾಗಿಲ್ಲ ಎನಿಸಿತು. ಐದನೆಯ ದಿನ ಹಿಡಿ ದಪ್ಪವಿದ್ದರೂ ಹೆಬ್ಬೆರಳು ಒತ್ತಿ ಹಿಡಿಯದೆ ಮಚ್ಚು ಕೈಯೊಳಗೇ ಹೊರಳಿತು. ಮಾರನೆಯ ದಿನ ಭಾನುವಾರ, ಗಿರಾಕಿಗಳ ನೂಕುನುಗ್ಗಲು. ಬಾಗಿಲು ತೆಗೆಯುವ ಮುಂಚೆ ಅವಳು ಹಿಂದಿನ ಕೋಣೆಗೆ ಹೋಗಿ, ಮಚ್ಚು ಹಿಡಿದ ಕೈಯ ಮೇಲಿಂದಲೇ ಬ್ಯಾಂಡೇಜ್ ಸುತ್ತತೊಡಗಿದಳು. ಬೆರಳು, ಹಿಡಿ, ಮಣಿಕಟ್ಟು ಎಲ್ಲ ಸೇರಿಸಿ ಏಳು ಸುತ್ತು. ಒಂದು ತುದಿಯನ್ನು ಎಡಗೈಯಲ್ಲೂ ಇನ್ನೊಂದನ್ನು ಹಲ್ಲಿನಲ್ಲೂ ಹಿಡಿದು ಗಂಟು ಬಿಗಿದಳು. ಮಚ್ಚು ಮೂಳೆಯಲ್ಲಿ ಸಿಕ್ಕಿಕೊಂಡರೆ ಕೈ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಮಣಿಕಟ್ಟು ಹೋಗುತ್ತದೆ. ಈ ಕಸುಬಿನ ಮೊದಲ ಪಾಠವೇ ಅದು. ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಎರಡು ಗಂಟೆ ಹೊತ್ತು ಅವಳು ಹಳೆಯ ಮಚ್ಚಕ್ಕನೇ ಆಗಿದ್ದಳು. ಮೂಳೆ ಚೂರು ಸಿಡಿದು ಗಿರಾಕಿಗಳ ಅಂಗಿಗೆ ಹಾರುತ್ತಿತ್ತು. ಪ್ರತಿ ಏಟಿಗೂ ಹೆಬ್ಬೆರಳಿಂದ ಭುಜದ ತನಕ ನೋವು ಹರಿದು ಕಣ್ಣು ಕತ್ತಲೆ ಬರುತ್ತಿತ್ತು. ಅವಳು ಹಲ್ಲು ಕಚ್ಚಿ ಇನ್ನೂ ಜೋರಾಗಿ ಹೊಡೆಯುತ್ತಿದ್ದಳು, ಸತ್ತ ಕುರಿಯ ಮೇಲೆ ಹಗೆ ಇರುವವಳಂತೆ.

ಅದು ಹಿಡಿಗೆ ಸುತ್ತಿದ ಬಟ್ಟೆ ಎಂದುಕೊಂಡಿದ್ದ ಮಗಳಿಗೆ ಅನುಮಾನ ಬಂದದ್ದು ತಾಯಿ ನೀರು ಕುಡಿಯುವಾಗ. ತಾಯಿ ಮಚ್ಚು ಕೆಳಗಿಡದೆ ಎಡಗೈಯಲ್ಲಿ ಲೋಟ ಎತ್ತಿದಳು, ಅರ್ಧ ನೀರು ಎದೆಗೆ ಚೆಲ್ಲಿತು. ಮಗಳು ಎದ್ದು ಬಂದು ಹತ್ತಿರದಿಂದ ನೋಡಿದಳು.

"ಕೈಗೆ ಕಟ್ಕೊಂಡಿದ್ದೀಯಾ?"

"ನಿನ್ ಕೆಲ್ಸ ನೋಡ್ಕೋ ಹೋಗು."

"ತಲೆ ಕೆಟ್ಟಿದ್ಯಾ ನಿನಗೆ? ಬಿಚ್ಚು ಅದನ್ನ. ಅಪ್ಪಾ, ನೋಡಿಲ್ಲಿ, ಮಚ್ಚು ಕಟ್ಕೊಂಡು ನಿಂತಿದ್ದಾಳೆ!"

ತಕ್ಕಡಿಯ ಹಿಂದಿನವನು ಎದ್ದು ನಿಂತ. ಗಿರಾಕಿಗಳು ಇಣುಕಿದರು. ಮಚ್ಚಕ್ಕನ ಮುಖಕ್ಕೆ ರಕ್ತ ನುಗ್ಗಿತು.

"ಎಲ್ಲರ ಮುಂದೆ ಮಾನ ತೆಗೀತೀಯಾ?"

"ಮಾನ ಅಂತೆ! ಹೋಗಿದೆ ಅಮ್ಮ ಆ ಕೈ, ಸತ್ತೋಗಿದೆ. ಒಪ್ಕೋ. ಹೆಣಾನ ಯಾಕೆ ಕಟ್ಕೊಂಡು ಕುಣೀತಿದ್ದೀಯ?"

ಕೈ ಎದ್ದಿತು. ಯೋಚನೆ ಮಾಡಿ ಎದ್ದದ್ದಲ್ಲ. ಮೂವತ್ತೊಂದು ವರ್ಷದಿಂದ ಎದ್ದ ಹಾಗೆಯೇ, ಮಗಳ ಕಪಾಳ ಹುಡುಕಿಕೊಂಡು ಎದ್ದಿತು. ಮೇಲೆ ಹೋದ ಮೇಲಷ್ಟೇ ಅವಳಿಗೆ ಅದರಲ್ಲೇನಿದೆ ಎಂದು ನೆನಪಾಯಿತು. ಬೆರಳು ಬಿಡಿಸಲು ನೋಡಿದಳು, ಬೆರಳು ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದವು. ಹಿಂದಕ್ಕೆ ಎಳೆದುಕೊಳ್ಳಲು ಕಾಲೂರಿದಳು, ಮಂಡಿ ಕುಸಿಯಿತು. ಇಡೀ ಮೈಯ ಭಾರ ಮಚ್ಚಿನ ಹಿಂದೆ ಬಂತು. ಮಗಳ ಎಡಗೈ ಎಂದಿನಂತೆ ಮುಖಕ್ಕೆ ಅಡ್ಡ ಬಂದಿತ್ತು.

ಸದ್ದು ಅವಳಿಗೆ ಗೊತ್ತಿದ್ದ ಸದ್ದೇ. ದಿನಕ್ಕೆ ನೂರು ಸಲ ಕೇಳಿದ್ದು.

ಆಮೇಲೆ ಎಲ್ಲ ಒಟ್ಟಿಗೆ ನಡೆಯಿತು. ಯಾರೋ ಕಿರುಚಿದರು, ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿದರು. ಮಗಳ ಮೊಣಕೈ ಕೆಳಗೆ ಮೂಳೆಯ ತನಕ ಬಾಯಿಬಿಟ್ಟ ಗಾಯದಿಂದ ರಕ್ತ ಸುರಿದು, ಕುರಿಯದ್ದರ ಜೊತೆ ನೆಲದಲ್ಲಿ ಬೆರೆಯಿತು. ತಂದೆ ಹೆಗಲ ಮೇಲಿನ ಟವೆಲನ್ನು ಎಳೆದು ಗಾಯಕ್ಕೆ ಬಿಗಿಯಾಗಿ ಸುತ್ತಿದ. "ಒತ್ತಿ ಹಿಡ್ಕೋ ಮಗಳೇ, ಬಿಡ್ಬೇಡ. ಗಾಡಿ ತರ್ತೀನಿ," ಎಂದವನೇ ಶಟರನ್ನು ಅರ್ಧಕ್ಕೆ ಎಳೆದು ಓಡಿದ. ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ.

ಒಳಗೆ ಉಳಿದದ್ದು ಇಬ್ಬರೇ. ಬಿದ್ದಲ್ಲಿಂದ ಮಚ್ಚಕ್ಕನಿಗೆ ಏಳಲಾಗಲಿಲ್ಲ. ಆ ಮಂಡಿಗಳ ಮೇಲೆಯೇ ತೆವಳಿಕೊಂಡು ಮಗಳ ಕಡೆ ಹೋದಳು. ಅವಳು ಕೈ ಚಾಚಿದಾಗ ಮಚ್ಚೂ ಚಾಚಿತು.

"ಹತ್ರ ಬರ್ಬೇಡ!" ಮಗಳು ಗೋಡೆಗೆ ಅಂಟಿಕೊಂಡಳು.

ಮಚ್ಚಕ್ಕ ತೆವಳುವುದನ್ನು ನಿಲ್ಲಿಸಿದಳು. ಎಡಗೈಯಿಂದ ಗಂಟನ್ನು ಕೀಳತೊಡಗಿದಳು. ರಕ್ತದಲ್ಲಿ ನೆಂದು ಗಂಟು ಕಲ್ಲಾಗಿತ್ತು; ಜಾರುತ್ತಿದ್ದ ಬೆರಳಿಗೆ ಅದರ ತುದಿಯೂ ಸಿಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು, ಬರಲಿಲ್ಲ. ಆಗ ಹುಚ್ಚು ಹಿಡಿದವಳಂತೆ ಕಟ್ಟಿದ ಕೈಯನ್ನು ದಿಮ್ಮಿಯ ಅಂಚಿಗೆ ಬಡಿಯತೊಡಗಿದಳು. ಒಂದು, ಎರಡು, ಮೂರು. ಬೆರಳ ಗಿಣ್ಣು ಒಡೆದು ಅವಳ ರಕ್ತವೂ ಬಂತು. "ಬಿಡು, ಬಿಡು ಮುಂಡೇದೇ, ಬಿಡು," ಎಂದು ತನ್ನ ಕೈಗೇ ಬೈಯುತ್ತಿದ್ದಳು. ಅಳುತ್ತಿರುವುದು ಅವಳಿಗೇ ತಿಳಿದಿರಲಿಲ್ಲ.

"ಸಾಕು ಮಾಡಮ್ಮ."

ಮಗಳು ಟವೆಲು ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಹತ್ತಿರ ಬಂದಳು. ತುಟಿ ಬಿಳುಚಿಕೊಂಡಿತ್ತು. ಮಂಡಿಯೂರಿ, ಮಚ್ಚಿನ ಅಲಗನ್ನು ಅಡ್ಡಕ್ಕೆ ನೆಲದ ಮೇಲೆ ಮಲಗಿಸಿ, ಅದರ ಮೇಲೆ ತನ್ನ ಮೊಣಕಾಲಿಟ್ಟು ಅದುಮಿದಳು. "ಅಲ್ಲಾಡಿಸ್ಬೇಡ," ಎಂದಳು. ಬಗ್ಗಿ ಗಂಟಿಗೆ ಬಾಯಿ ಹಾಕಿದಳು. ತಾಯಿಯ ಗದ್ದದ ಕೆಳಗೆ ಅವಳ ತಲೆ, ಬೆವರಿನ ವಾಸನೆ, ಬಿಸಿ ಉಸಿರು. ಇಷ್ಟು ಹತ್ತಿರ ಅವಳು ಬಂದು ಎಷ್ಟು ವರ್ಷವಾಗಿತ್ತೋ. ಗಂಟು ಸಡಿಲಿತು. ಒಂದೊಂದೇ ಸುತ್ತು ಬಿಚ್ಚಿ, ಮಗಳು ಮಚ್ಚನ್ನು ಎಳೆದು ದೂರಕ್ಕೆ ತಳ್ಳಿದಳು.

ಬೆರಳು ಹಿಡಿಯ ಆಕಾರಕ್ಕೇ ಮಡಚಿಕೊಂಡು ಉಳಿದಿದ್ದವು. ಹೊರಗೆ ಗಾಡಿ ನಿಂತ ಸದ್ದಾಯಿತು. ಮಗಳ ಹಣೆಯ ಮೇಲೆ ಕೂದಲು ರಕ್ತಕ್ಕೆ ಅಂಟಿ ಕಣ್ಣಿಗೆ ಬಿದ್ದಿತ್ತು. ಅದನ್ನು ಸರಿಸಬೇಕೆಂದು ಮಚ್ಚಕ್ಕ ಕೈಯೆತ್ತಿದಳು.

ಮಗಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಟವೆಲು ಸುತ್ತಿದ ಕೈಯನ್ನು ಮುಖಕ್ಕೆ ಅಡ್ಡ ತಂದಳು.

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಶಟರಿನ ಕೆಳಗೆ ಗಂಡನ ಕಾಲು ಕಾಣಿಸಿತು. ಭುಜ ಉರಿಯತೊಡಗಿತ್ತು. ಕೆಳಗಿಳಿಸಿದರೆ ಅದು ಏಟು ಎಂದುಕೊಂಡಾಳೆಂದು, ಮಗಳು ಕಣ್ಣು ಬಿಡುವುದನ್ನೇ ಕಾಯುತ್ತಾ, ಅವಳು ಕೈಯನ್ನು ಹಾಗೇ ಹಿಡಿದು ಕೂತಳು.