ಗೋಧಿ ಡಬ್ಬ ಸೇರಿದ ಚಿನ್ನದ ನೋಟು

ವೆರ್ಲಾ ಸೊರೆನ್ಸನ್ ತನ್ನ ಅಂಗಡಿಯ ಗಲ್ಲಾಪೆಟ್ಟಿಗೆ ತೆರೆದು ನೋಡಿ, ಧಡ್ಡನೆ ಮುಚ್ಚಿದಳು. ಒಳಗೆಲ್ಲ ಹಸಿರು ಡಾಲರುಗಳೇ. ಚಿನ್ನದ ನೋಟು ಹೆಸರಿಗೂ ಒಂದಿರಲಿಲ್ಲ. ಇವತ್ತೇ ಹೀಗಾಗಬೇಕೆ?

ಮಧ್ಯಾಹ್ನದೊಳಗೆ ಸೆನೆಟರ್ ಥೇನ್ ಹ್ಯಾಡ್ಲಿ ಅಂಗಡಿಗೆ ಬರುವವರಿದ್ದರು. ಚಿನ್ನದ ನೋಟನ್ನು ಅಮೆರಿಕದ ಐಡಾಹೋ ರಾಜ್ಯ ತನ್ನ ಹಣವೆಂದು ಒಪ್ಪಬೇಕು, ತೆರಿಗೆಗೂ ಶುಲ್ಕಕ್ಕೂ ತೆಗೆದುಕೊಳ್ಳಬೇಕು ಎನ್ನುವ ಮಸೂದೆ ಶಾಸನಸಭೆಯ ಸಮಿತಿಯ ಮುಂದಿತ್ತು. ಅಲ್ಲಿ ಎರಡು ಕಡೆಯೂ ಸಮಬಲ. ಹ್ಯಾಡ್ಲಿ ಕೈ ಎತ್ತಿದರೆ ಮಸೂದೆ ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಜನ ಆ ನೋಟನ್ನು ಖರ್ಚು ಮಾಡುವುದನ್ನು ಕಣ್ಣಾರೆ ಕಂಡರೆ ಮಾತ್ರ ಕೈ ಎತ್ತುತ್ತೇನೆ ಎಂದು ಅವರು ಹೇಳಿಬಿಟ್ಟಿದ್ದರು.

ವೆರ್ಲಾಳಿಗೆ ಈ ಹಟ ಹತ್ತಿದ್ದು ಗಂಡ ಆರಿನ್‌ನಿಂದ. ಹುಲ್ಲು ಕಟ್ಟುವ ಹೊಸ ಯಂತ್ರಕ್ಕೆಂದು ಅವನು ವರ್ಷಗಟ್ಟಲೆ ಬ್ಯಾಂಕಿನಲ್ಲಿ ದುಡ್ಡು ಕೂಡಿಹಾಕಿದ್ದ. ಕೂಡಿ ಮುಗಿಯುವ ಹೊತ್ತಿಗೆ ಯಂತ್ರದ ಬೆಲೆ ಎರಡು ಪಟ್ಟಾಗಿತ್ತು. ಒಂದು ಕಾಸೂ ಕಳುವಾಗಿರಲಿಲ್ಲ, ಆದರೂ ಅರ್ಧ ದುಡ್ಡು ಇಲ್ಲವಾಗಿತ್ತು. ಹಳೆಯದಕ್ಕೇ ತಂತಿ ಸುತ್ತಿ ಸುತ್ತಿ ದುಡಿದು ಅವನು ತೀರಿಕೊಂಡ. ಯಾರ ಮೇಲೆ ದೂರು ಕೊಡುವುದು?

ಪ್ಲಾಸ್ಟಿಕ್ಕಿನ ನಡುವೆ ತೆಳು ಹಾಳೆಯಂಥ ಅಪ್ಪಟ ಚಿನ್ನವಿಟ್ಟು ಖಾಸಗಿ ಕಂಪನಿಯೊಂದು ಹೊರತಂದ ಈ ನೋಟು ಬಂದಾಗ ಅವಳಿಗೆ ಕಂಡದ್ದು ಇಷ್ಟೆ: ಇದನ್ನು ಯಾರೂ ಬೇಕಾದಷ್ಟು ಅಚ್ಚು ಹಾಕಲಾರರು, ಪೆಟ್ಟಿಗೆಯಲ್ಲಿಡುವ ಚಿನ್ನದ ಗಟ್ಟಿಯಂತಲ್ಲದೆ ಒಂದು ಹೊತ್ತಿನ ಊಟಕ್ಕೂ ಕೊಡಬಹುದು. ಒಪ್ಪಿದ ಗಿರಾಕಿಗಳಿಗೆಲ್ಲ ಚಿಲ್ಲರೆಯ ಬದಲು ಅದನ್ನೇ ಕೊಟ್ಟಳು. ಬೇಸಿಗೆಯಿಂದ ಕೊಟ್ಟಳು. ಹೋದ ನೋಟು ಹೋಯಿತು, ಒಂದೂ ತಿರುಗಿ ಬರಲಿಲ್ಲ.

ಹಿಮ ಕೊಡವುತ್ತ ಡೆಲ್ಮಾರ್ ಯಾರ್ಡ್ಲಿ ಒಳಗೆ ಬಂದ. ಆರಿನ್‌ನ ಹಳೆಯ ಗೆಳೆಯ, ದನ ಸಾಕುವವನು. ದನ ನೆಕ್ಕುವ ಉಪ್ಪಿನ ಗಟ್ಟಿ ಎತ್ತಿಟ್ಟು ಡಾಲರ್ ಚಾಚಿದ.

"ನಾನು ಕೊಟ್ಟ ಚಿನ್ನದ ನೋಟೆಲ್ಲಾ ಎಲ್ಲಪ್ಪಾ, ಡೆಲ್ಮಾರ್?"

"ಭದ್ರವಾಗಿವೆ. ನೆಲಮಾಳಿಗೇಲಿ, ಗೋಧಿ ಡಬ್ಬದೊಳಗೆ. ಇಲಿಗೂ ಸಿಗಲ್ಲ."

"ಇಲಿಗೆ ಸಿಗದಿದ್ರೆ ಸಂತೋಷ. ನನಗೂ ಸಿಗ್ತಿಲ್ವಲ್ಲೋ!"

ಅವರಿದ್ದ ಕಣಿವೆಯಲ್ಲಿ ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಒಂದು ವರ್ಷಕ್ಕಾಗುವ ಗೋಧಿ, ಬೀನ್ಸ್ ಕಾಳು, ಹಾಲಿನ ಪುಡಿ ಕಾಯ್ದಿಡುತ್ತಾರೆ. ಕಷ್ಟಕಾಲಕ್ಕೆ ಎಂದು ಚರ್ಚು ಕಲಿಸಿದ ರೂಢಿ; ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎನ್ನುವುದೂ ಅಲ್ಲಿಂದಲೇ ಬಂದದ್ದು. ಕೈಗೆ ಒಳ್ಳೆಯದೇನು ಬಂದರೂ ಕಾಲು ತಾನಾಗಿ ಆ ಮೆಟ್ಟಿಲು ಇಳಿಯುತ್ತದೆ.

"ಡಾಲರ್ ಕರಗುತ್ತೆ ಅಂತ ನೀನೇ ತಾನೇ ಬೋಧನೆ ಮಾಡಿದ್ದು?" ಎಂದ ಡೆಲ್ಮಾರ್. "ಐಸ್‌ಕ್ರೀಮೂ ಜೇನುತುಪ್ಪಾನೂ ಎದುರಿಗಿದ್ರೆ ಮೊದಲು ಯಾವುದು ತಿಂತೀಯ? ಅಲ್ದೆ, ಪಿಕಪ್ ಗಾಡಿ ನೋಂದಣಿಗೆ ಕೌಂಟಿ ಸರ್ಕಾರಿ ಆಫೀಸಲ್ಲಿ ಒಂದು ನೋಟು ಕೊಟ್ಟೂ ನೋಡ್ದೆ. 'ಬ್ರದರ್ ಯಾರ್ಡ್ಲಿ, ಬುಕ್‌ಮಾರ್ಕ್ ಚೆನ್ನಾಗಿದೆ, ದುಡ್ಡು ಕೊಡಿ' ಅಂದ್ಲು ಅಲ್ಲಿನ ಹುಡುಗಿ."

ವೆರ್ಲಾ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಹ್ಯಾಡ್ಲಿ ಬಂದೇಬಿಟ್ಟರು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿಲ್ಲ, ಗಲ್ಲಾಪೆಟ್ಟಿಗೆ ತೆರೆದೇ ತೋರಿಸಿದಳು.

"ಹಾಗಾದ್ರೆ ಇದು ಜನರಿಗೆ ಬೇಡ ಅಂತಾಯ್ತು, ಸಿಸ್ಟರ್ ಸೊರೆನ್ಸನ್."

"ಬೇಡದ್ದನ್ನ ಯಾರಾದ್ರೂ ಬಚ್ಚಿಡ್ತಾರಾ, ಸೆನೆಟರೇ? ನಿಮ್ಮ ಸರ್ಕಾರಿ ಕೌಂಟರಲ್ಲಿ ತಗೊಳ್ಳಿ, ತಾನಾಗಿ ಹೊರಗೆ ಬರುತ್ತೆ."

"ಮೊದಲು ಜನ ಬಳಸಲಿ, ಆಮೇಲೆ ತಗೊಳ್ಳೋಣ."

"ಜನ ನಿಮ್ಮನ್ನ ನೋಡ್ತಾ ಕೂತಿದಾರೆ, ನೀವು ಜನರನ್ನ ನೋಡ್ತಾ ಕೂತಿದೀರಿ. ಮಧ್ಯದಲ್ಲಿ ನಾನು ಗಂಟಲು ಹರ್ಕೋತಿದೀನಿ!"

ಹ್ಯಾಡ್ಲಿ ಮಾತು ತಪ್ಪಿಸಲು ಒಂದು ಜೊತೆ ಚರ್ಮದ ಕೈಗವಸು ತೆಗೆದುಕೊಂಡರು. ಅವರ ಒಪ್ಪಿಗೆ ಕೇಳಿ, ವೆರ್ಲಾ ತನ್ನ ಪರ್ಸಿನಲ್ಲಿದ್ದ ಒಂದು ಚಿನ್ನದ ನೋಟನ್ನು ಚಿಲ್ಲರೆಗೆ ಸೇರಿಸಿ ಕೊಟ್ಟಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹೊರಳಿಸಿದರು, ಬೆರಳಿನಿಂದ ಸವರಿದರು. ಆಮೇಲೆ ಡಾಲರುಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ, ಚಿನ್ನದ ನೋಟನ್ನು ಮಾತ್ರ ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದರು.

ಡೆಲ್ಮಾರ್ ಉಪ್ಪಿನ ಗಟ್ಟಿಯ ಮೇಲೆ ಕೂತು ಕಿಸಕ್ಕನೆ ನಕ್ಕ.

"ಸೆನೆಟರೇ," ವೆರ್ಲಾ ಕೌಂಟರಿನ ಮೇಲಿದ್ದ ಹಕಲ್‌ಬೆರಿ ಹಣ್ಣಿನ ಪೈ ಮುಂದೆ ತಳ್ಳಿದಳು, "ಒಂದು ತುಂಡು ತಿನ್ನಿ. ಸರಿಯಾಗಿ ಆ ನೋಟಿನ ಬೆಲೆ."

ಅವರು ಪ್ಯಾಂಟಿನ ಜೇಬಿಗೆ ಕೈ ಹಾಕಿದರು.

"ಡಾಲರ್ ಯಾಕೆ? ಅದನ್ನೇ ಕೊಡಿ."

"ಇದು... ಮೊಮ್ಮಗಳಿಗೆ ಕೊಡೋಣ ಅಂತ."

"ನೋಡಿದ್ರಾ! ಕಣ್ಣಾರೆ ನೋಡ್ಬೇಕು ಅಂದ್ರಲ್ಲ, ನೋಡಿ! ಡಾಲರನ್ನ ಮೊಮ್ಮಗಳಿಗೆ ಅಂತ ಯಾವತ್ತಾದ್ರೂ ಎತ್ತಿಟ್ಟಿದೀರಾ? ಸಮಿತೀಲಿ ಇದನ್ನೇ ಹೇಳಿ."

ಹ್ಯಾಡ್ಲಿಯ ಕಿವಿ ಕೆಂಪಾಯಿತು. ಡಾಲರ್ ಕೊಟ್ಟೇ ಪೈ ತಿಂದರು, ಬಹಳ ನಿಧಾನವಾಗಿ. ಬಾಯಿ ಒರೆಸಿಕೊಂಡು ಹೇಳಿದರು: "ಇಡೀ ಮಸೂದೆಗೆ ಕೈ ಎತ್ತೋಕೆ ನನ್ನಿಂದಾಗಲ್ಲ, ಸಿಸ್ಟರ್. ಒಂದು ವರ್ಷ, ನಮ್ಮ ಕೌಂಟೀಲಿ ಮಾತ್ರ, ವಾಹನ ನೋಂದಣಿ ಶುಲ್ಕಕ್ಕೆ ತಗೊಳ್ಳೋಣ ಅಂತ ತಿದ್ದುಪಡಿ ಬರೆದ್ರೆ, ಅದಕ್ಕೆ ಎತ್ತುತ್ತೀನಿ."

"ನಾನು ಕೇಳಿದ್ದು ರೊಟ್ಟಿ, ನೀವು ಕೊಡ್ತಿರೋದು ಅದರ ಅಂಚು."

"ಬೇಡ್ವಾ?"

"ಕೊಡಿ!" ಎಂದಳು ವೆರ್ಲಾ, ಕೌಂಟರ್ ಗುದ್ದಿ. "ಬರೆದೇ ಕೊಡಿ."

ಅವರು ಕೈಗವಸಿನ ಪೊಟ್ಟಣದ ರಟ್ಟಿನ ಮೇಲೆ ಎರಡು ಸಾಲು ಬರೆದು, ರುಜು ಹಾಕಿ, ಹಿಮದೊಳಗೆ ನಡೆದರು.

ವೆರ್ಲಾ ಡೆಲ್ಮಾರ್‌ನತ್ತ ತಿರುಗಿದಳು. "ಈಗೇನಂತೀಯ? ಕೌಂಟೀಲಿ ತಗೊಂಡ್ರೆ ಎಷ್ಟು ನೋಟು ಹೊರಗೆ ತೆಗೀತೀಯ?"

ಡೆಲ್ಮಾರ್ ಗಡ್ಡ ಕೆರೆದುಕೊಂಡ. "ಟ್ರೇಲರಿನ ನೋಂದಣಿ ಬಾಕಿಯಿದೆ. ನಾಲ್ಕು ಬೇಕಾಗಬಹುದು."

"ನಾಲ್ಕು!"

"ಮೂರು ಅಂತ ಇಟ್ಕೋ. ಮಿಕ್ಕಿದ್ದಕ್ಕೆ ಡಾಲರ್ ಕೊಟ್ರಾಯ್ತು."

"ಡೆಲ್ಮಾರ್!"

"ಆಯ್ತು ಮಾರಾಯ್ತಿ, ನಾಲ್ಕೇ. ಆದ್ರೆ ಹಳೇವು, ಮಡಚಿ ಹೋಗಿರೋವು ಮಾತ್ರ ಕೊಡೋದು."