ಪಾಲಯ್ಯನ ರೆಕಾರ್ಡಿನಲ್ಲಿ ಬುತ್ತಿ

ಹೂವಿನಹಡಗಲಿಯಿಂದ ಮಲ್ಲಿಗೆ ಮೊಗ್ಗು ತುಂಬಿಕೊಂಡು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗುವ ಮುಚ್ಚಿದ ವ್ಯಾನನ್ನು ಪಾಲಯ್ಯ ಓಡಿಸತೊಡಗಿ ಮೂರು ವರ್ಷವಾಗಿತ್ತು. ಅದಕ್ಕೂ ಹಿಂದೆ ಹದಿನಾರು ವರ್ಷ ಹೊಸಪೇಟೆ ಕಡೆ ಅದಿರು ಲಾರಿ ಓಡಿಸಿದವನು. ಆ ಕೆಂಪು ಧೂಳು ಎದೆಯಲ್ಲಿ ಕೂತು, ಕೆಮ್ಮು ಬಂದರೆ ಬಿಡುತ್ತಿರಲಿಲ್ಲ. ಉಗುಳಿದರೆ ಉಗುಳೂ ಕೆಂಪು. ಹೂವಿನ ವ್ಯಾನು ಸಿಕ್ಕ ಮೇಲೆ ಕೆಮ್ಮು ತಾನಾಗಿ ಇಳಿಯಿತು. ಹೆಂಡತಿ ಅಂಜಿನಕ್ಕ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಳು: ಮಲ್ಲಿಗೆ ವಾಸನೆ ಔಷಧಿ ಇದ್ದ ಹಾಗೆ ಅಂತ.

ವ್ಯಾನು ಗುಲಾಮಹುಸೇನನದು. ಊರ ಹೊರಗೆ ಅವನದೊಂದು ಶೆಡ್ಡು. ಬೆಳಿಗ್ಗೆ ಬಿಡಿಸಿದ ಮೊಗ್ಗನ್ನು ಅಲ್ಲಿ ಐಸಿನ ಜೊತೆ ಥರ್ಮೋಕೋಲ್ ಡಬ್ಬಿಗಳಲ್ಲಿ ತುಂಬಿ, ವ್ಯಾನಿನ ಹಿಂದಿನ ಬಾಗಿಲಿಗೆ ನಂಬರಿನ ಸೀಲು ಒತ್ತಿ ಹತ್ತು ಗಂಟೆಗೆ ಬಿಡುತ್ತಿದ್ದರು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ದಾಟಿ ಹೆದ್ದಾರಿ ಹಿಡಿದರೆ ಕಾನಹೊಸಹಳ್ಳಿಯಲ್ಲಿ ಒಂದು ಚಹಾ. ಸಂಜೆಯ ಹೊತ್ತಿಗೆ ದೇವನಹಳ್ಳಿ ಕಡೆಯ ಹೊಸ ವಿಮಾನ ನಿಲ್ದಾಣ.

ವಿಮಾನದಲ್ಲಿ ಹೋಗುವ ಸರಕು ತರುವ ಡ್ರೈವರ್‌ಗೆ ಭದ್ರತೆಯ ಪಾಠ ಆಗಿರಲೇಬೇಕು. ಪಾಠವೇನೂ ದೊಡ್ಡದಲ್ಲ. ಸೀಲು ಒಡೆದಿದೆಯೇ ನೋಡಬೇಕು, ದಾರಿಯಲ್ಲಿ ಗಾಡಿ ಬಿಟ್ಟು ದೂರ ಹೋಗಬಾರದು, ಯಾರನ್ನೂ ಹತ್ತಿಸಿಕೊಳ್ಳಬಾರದು, ಯಾರ ಪಾರ್ಸಲ್ಲನ್ನೂ ತರಬಾರದು. ಆದರೆ ಸರಕು ಇಳಿಸಿಕೊಳ್ಳುವ ಏಜೆಂಟರು ಹನ್ನೊಂದು ಮಂದಿ. ಒಬ್ಬರು ಕಲಿಸಿದ್ದನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಅವರವರ ರೆಕಾರ್ಡು ಅವರವರ ಬೀರುವಿನಲ್ಲಿ. ಹೀಗಾಗಿ ಪಾಲಯ್ಯ ಅದೇ ಪಾಠಕ್ಕೆ ನಾಲ್ಕು ಕಡೆ ಕೂತಿದ್ದ. ನಾಲ್ಕನೆಯ ಸಲ ಕಲಿಸುವವರು ಬಾಯಿ ತೆರೆಯುವ ಮೊದಲೇ ಮುಂದಿನ ಮಾತು ಅವನ ನಾಲಿಗೆಗೆ ಬರುತ್ತಿತ್ತು. ಒಂದೊಂದು ಪಾಠಕ್ಕೂ ಒಂದೊಂದು ದಿನದ ಬಾಡಿಗೆ ಹೋಗುತ್ತದೆ ಎಂದು ಗುಲಾಮಹುಸೇನ ಗೊಣಗುತ್ತಿದ್ದ.

ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರಲ್ಲಿ, ಏಜೆಂಟರೆಲ್ಲ ಕೂಡಿ ಒಂದು ಒಪ್ಪಂದಕ್ಕೆ ಬಂದರು. ಒಬ್ಬ ಡ್ರೈವರ್‌ಗೆ ಒಂದೇ ನಂಬರು, ಒಂದೇ ಪಾಠ. ಅವನ ರೆಕಾರ್ಡನ್ನು ಒಂದು ಕಡೆ ಬರೆದರೆ ಹನ್ನೊಂದು ಕಚೇರಿಯ ಕಂಪ್ಯೂಟರಿನಲ್ಲೂ ಕಾಣುವುದು. ಸುದ್ದಿ ಬಂದ ದಿನ ಗುಲಾಮಹುಸೇನ ಶೆಡ್ಡಿನವರಿಗೆಲ್ಲ ಮಿರ್ಚಿ ಮಂಡಕ್ಕಿ ತರಿಸಿದ. ಪಾಲಯ್ಯನೂ ಎರಡು ಮಿರ್ಚಿ ತಿಂದ. ಒಂದು ಕಡೆ ಬರೆದ ಒಳ್ಳೆಯದು ಹನ್ನೊಂದು ಕಡೆ ಕಾಣುವ ಹಾಗೆ ಕೆಟ್ಟದ್ದೂ ಕಾಣುತ್ತದೆ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಗುರುಬಸಮ್ಮ ಗುಲಾಮಹುಸೇನನ ಶೆಡ್ಡಿಗೆ ಹೂ ಬಿಡಿಸುವವಳು. ಅವಳ ಮಗಳು ಈರಕ್ಕನನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟಿತ್ತು. ಗಂಡ ಹೆಂಡತಿ ಇಬ್ಬರೂ ಅಲ್ಲಿ ಮಗ್ಗದ ಕೆಲಸಕ್ಕೆ ಹೋಗುವವರು. ಈರಕ್ಕನಿಗೆ ಐದು ತಿಂಗಳಾಗಿತ್ತು. ಬಯಕೆ ಬುತ್ತಿ ಕಳಿಸಬೇಕು, ಆದರೆ ಹೂವಿನ ಹಂಗಾಮಿನಲ್ಲಿ ಗುರುಬಸಮ್ಮ ಒಂದು ದಿನವೂ ಬಿಡುವಂತಿಲ್ಲ. ಪಾಲಯ್ಯನ ವ್ಯಾನು ಆ ಊರಿನ ಕ್ರಾಸಿನ ಮೇಲೆಯೇ ಹೋಗುತ್ತದೆ. ಹೀಗೆ ಎರಡು ಸಲ ಬುತ್ತಿ ಮುಟ್ಟಿತ್ತು. ಈರಕ್ಕ ಕ್ರಾಸಿಗೆ ಬಂದು ಇಸಿದುಕೊಂಡು, ಅವ್ವ ಹೇಗಿದ್ದಾಳೆ ಎಂದು ಕೇಳಿ ಹೋಗಿದ್ದಳು.

ಮೂರನೆಯ ಸಲ ಅವಳು ಬರಲಿಲ್ಲ. ಪಾಲಯ್ಯ ಹತ್ತು ನಿಮಿಷ ಕಾದ. ಹೂವಿಗೆ ಹೊತ್ತಾಗುತ್ತದೆ, ವಾಪಸ್ ಬರುವಾಗ ಕೊಟ್ಟರಾಯಿತು ಎಂದು ಹೊರಟ. ವಿಮಾನ ನಿಲ್ದಾಣದ ಸರಕಿನ ಗೇಟಿನಲ್ಲಿ ಅವತ್ತು ಮುಂದಿನ ಕ್ಯಾಬಿನ್ನನ್ನೂ ಹುಡುಕಿದರು. ಬಿಳಿ ಅರಿವೆಯ ಗಂಟು ಬಿಚ್ಚಿದರೆ ಸಜ್ಜೆ ರೊಟ್ಟಿ, ಕರಿಗಡುಬು, ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಪ್ಪು ಪುಡಿ. ಗುರೆಳ್ಳು ಚಟ್ನಿ ಅದು. ಕಾವಲಿನವನು ಆ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ದೂರ ಹಿಡಿದ. ಯಂತ್ರದೊಳಗೆ ಹಾಯಿಸಿದರು, ನಾಯಿಗೆ ಮೂಸಿಸಿದರು. ನಾಯಿ ಎರಡು ಸಲ ಸೀನಿತು. ಕಡೆಗೆ ಕಾವಲಿನವನಿಗೇ ನಗು ಬಂದು, ಇದು ನಿಮ್ಮದೇ ಊಟ ತಾನೇ ಎಂದು ಕೇಳಿದ. ಹೌದು ಅಂದರೆ ಬಿಡುವವನಿದ್ದ. ಅವನ ಮುಖದಲ್ಲೇ ಅದು ಕಾಣುತ್ತಿತ್ತು.

ಪಾಲಯ್ಯ ಬಾಯಿ ತೆರೆದ. ಬಸುರಿಯ ಬಯಕೆ ಬುತ್ತಿಯನ್ನು ನನ್ನದು ಅಂದರೆ ಅದನ್ನು ತಾನೇ ಉಂಡ ಹಾಗೆ. ಅವನ ಕಡೆ ಹಾಗೆ ಯಾರೂ ಅನ್ನುವುದಿಲ್ಲ. "ನಂದಲ್ರಿ," ಅಂದ. "ಗುರುಬಸಮ್ಮ ಅಂತ, ಆಕಿ ಮಗಳಿಗೆ ಕೊಟ್ಟಾಳ."

ಕಾವಲಿನವನ ನಗು ಹೋಯಿತು. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡ. ಗಂಟನ್ನು ವಾಪಸ್ ಕೊಟ್ಟ, ಹೂವನ್ನೂ ಇಳಿಸಿಕೊಂಡರು. ಬುತ್ತಿ ಮರುದಿನ ಬೆಳಿಗ್ಗೆ ಈರಕ್ಕನಿಗೆ ಮುಟ್ಟಿತು, ರೊಟ್ಟಿ ಮಾತ್ರ ಚೂರಾಗಿದ್ದವು. ಆದರೆ ಪಾಲಯ್ಯನ ನಂಬರಿನ ಕೆಳಗೆ ಒಂದು ಸಾಲು ಕೂತಿತು: ಬೇರೆಯವರ ಪಾರ್ಸಲ್ ತಂದಿದ್ದಾರೆ, ಗುರುಬಸಮ್ಮ ಎಂಬುವರು ಮಗಳಿಗೆ ಕೊಟ್ಟದ್ದು. ಎರಡು ದಿನದಲ್ಲಿ ಹನ್ನೊಂದು ಕಚೇರಿಯವರೂ ಅದನ್ನು ಓದಿದರು. ಈ ಡ್ರೈವರ್ ಬೇಡ ಎಂದು ಗುಲಾಮಹುಸೇನನಿಗೆ ಫೋನಿನ ಮೇಲೆ ಫೋನು ಬಂತು. ಹಿಂದಿನ ಕಾಲವಾಗಿದ್ದರೆ ಒಬ್ಬರು ಬೇಡವೆಂದಾಗ ಇನ್ನೊಬ್ಬರ ಹತ್ತಿರ ಹೋಗಬಹುದಿತ್ತು.

ಗುಲಾಮಹುಸೇನ ಸಿಟ್ಟು ಮಾಡುವವನಲ್ಲ. ಪಾಲಯ್ಯನನ್ನು ಶೆಡ್ಡಿನ ನೆರಳಿಗೆ ಕರೆದು ಕೂರಿಸಿದ.

"ನನ್ನ ಊಟ ಅಂತ ಒಂದು ಮಾತು ಅಂದಿದ್ರ ಮುಗೀತಿತ್ತಲ್ಲಪ್ಪ."

"ಬಯಕಿ ಬುತ್ತಿ ಹುಸೇನಣ್ಣ. ನಾಲಿಗಿ ಹೊಳ್ಳಲಿಲ್ಲ."

"ಈಗ ಬರಕೊಡು. ಗಾಬರಿ ಆಗಿ ತಪ್ಪು ಹೇಳಿದೆ, ಊಟ ನಂದೇ ಅಂತ. ನಾನ ಒಯ್ದು ಕೊಡತೀನಿ. ಇಲ್ಲಂದ್ರ ನೀ ಹೊಳ್ಳಿ ಅದಿರು ಲಾರಿ ಹತ್ತಬೇಕಾಗತೈತಿ ನೋಡು."

ಪಾಲಯ್ಯನ ಎದೆಯಲ್ಲಿ ಇಲ್ಲದ ಕೆಮ್ಮು ಒಮ್ಮೆ ಕೆದಕಿದ ಹಾಗಾಯಿತು. ಬರೆಯುವುದಾದರೆ ತಾನೇ ಹೋಗಿ, ಪಾಠ ಹೇಳಿದವರ ಮುಂದೆಯೇ ಮಾತಾಡಿ ಬರುತ್ತೇನೆ ಅಂದ. ಮರುದಿನ ಬಸ್ಸು ಹತ್ತಿದ.

ಒಪ್ಪಂದವಾದ ಮೇಲೆ ಹನ್ನೊಂದು ಏಜೆಂಟರ ಪರವಾಗಿ ಪಾಠ ಹೇಳಿದವಳು ಶಾಂತಕುಮಾರಿ, ಬೆಂಗಳೂರಿನ ಹೆಣ್ಣುಮಗಳು. ರೆಕಾರ್ಡು ಬರೆಯುವವಳೂ ಅವಳೇ. ಪಾಲಯ್ಯನನ್ನು ಕೂರಿಸಿ, ಪಾರ್ಸಲ್ ತರಬಾರದು ಎಂದು ತಾನೇ ಹೇಳಿಕೊಟ್ಟಿದ್ದನ್ನೂ ಅವನು ತಲೆಯಾಡಿಸಿ ಸಹಿ ಮಾಡಿದ್ದನ್ನೂ ನೆನಪು ಮಾಡಿದಳು.

"ಪಾರ್ಸಲ್ ತಂದಿಲ್ರಿ ಮೇಡಂ. ಅದು ಬುತ್ತಿ."

"ಎರಡಕ್ಕೂ ಏನು ವ್ಯತ್ಯಾಸ?"

"ಪಾರ್ಸಲ್ ಅಂದ್ರ ಆಫೀಸಿನಾಗ ಚೀಟಿ ಹರಿಸಿ ಕಳಸೋದ್ರಿ. ಬುತ್ತಿಗೆ ಯಾವ ಚೀಟಿ? ತಾಯಿ ಕೊಡತಾಳ, ಮಗಳು ಇಸ್ಕೊಂತಾಳ. ನಡುವ ನಾನು ಬರೇ ಹಾದಿ ಇದ್ದಂಗ."

ಅವಳು ಪೆನ್ನು ಕೆಳಗಿಟ್ಟು ಅವನನ್ನು ನೋಡಿದಳು. ಸುಳ್ಳು ಕಟ್ಟಿಕೊಂಡು ಬಂದವನಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಆಮೇಲೆ ಮೆತ್ತಗೆ ಕೇಳಿದಳು: ಆ ತಾಯಿಗೂ ಗೊತ್ತಿಲ್ಲದ ಹಾಗೆ ಇನ್ಯಾರೋ ಅದರೊಳಗೆ ಏನೋ ಇಟ್ಟಿದ್ದರೆ?

ಪಾಲಯ್ಯನಿಗೆ ಆ ದಿನದ ಬೆಳಿಗ್ಗೆ ಕಣ್ಣ ಮುಂದೆ ಬಂತು. ಗುರುಬಸಮ್ಮ ಗಂಟನ್ನು ಅವನ ಕೈಗೆ ಕೊಟ್ಟಿರಲಿಲ್ಲ. ಹೊಲಕ್ಕೆ ಹೊತ್ತಾಯಿತೆಂದು ಶೆಡ್ಡಿನ ಹತ್ತಿರದ ಚಹಾದಂಗಡಿಯ ಬೆಂಚಿನ ಮೇಲೆ ಇಟ್ಟು ಹೋಗಿದ್ದಳು. ಅವನು ಬರುವವರೆಗೆ ಅದು ಅಲ್ಲೇ ಇತ್ತು. ಬಸ್ಸಿಗೆ ಕಾಯುವವರು ಅದರ ಪಕ್ಕದಲ್ಲೇ ಕೂತು ಎದ್ದು ಹೋಗುತ್ತಿದ್ದರು. ಈ ಮಾತು ಹೇಳಿದರೆ ತನ್ನ ಮೇಲೆ ತಾನೇ ಕಲ್ಲು ಎಳೆದುಕೊಂಡ ಹಾಗೆ. ಯಾರಿಗೂ ಗೊತ್ತೂ ಇಲ್ಲ.

"ಅವತ್ತು ಅದು ಅರ್ಧ ತಾಸು ಬೆಂಚಿನ ಮ್ಯಾಲೆ ಇತ್ರಿ," ಅಂದ. "ಯಾರೂ ಕಾಯ್ತಿರಲಿಲ್ಲ. ನೀವು ಕೇಳೋತನಕ ನನಗದು ತಿಳೀಲಿಲ್ಲ ನೋಡ್ರಿ."

ಶಾಂತಕುಮಾರಿ ಪೆನ್ನು ಎತ್ತಿಕೊಂಡು ಅದನ್ನೂ ಬರೆದುಕೊಂಡಳು. ಮಧ್ಯಾಹ್ನ ಹಳೆಯ ಡ್ರೈವರ್‌ಗಳ ಪಾಠ ಇದೆ, ಕೂತು ಹೋಗಿ ಎಂದಳು.

ಆ ಪಾಠಕ್ಕೆ ಹದಿನಾಲ್ಕು ಮಂದಿ ಇದ್ದರು. ಹೆಚ್ಚಿನವರು ಹಾವೇರಿ, ದಾವಣಗೆರೆ, ಹರಪನಹಳ್ಳಿ ಕಡೆಯವರು. ಪಾರ್ಸಲ್ ತಂದವರು ಯಾರಾದರೂ ಇದ್ದೀರಾ ಎಂದು ಶಾಂತಕುಮಾರಿ ಕೇಳಿದಳು. ಒಂದು ಕೈಯೂ ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬುತ್ತಿ ತಂದವರು ಎಂದಳು. ಒಬ್ಬರ ಮುಖ ಒಬ್ಬರು ನೋಡಿದರು. ತೆಲಿಗಿ ಊರಿನ ಒಬ್ಬ ಮುದುಕ ಕೈ ಎತ್ತಿದ. ಅವನ ಹಿಂದೆ ಇನ್ನೊಂದು, ಮತ್ತೊಂದು, ಒಟ್ಟು ಒಂಬತ್ತು ಕೈ. ಅದು ತಪ್ಪೆಂದು ಅವರಲ್ಲಿ ಯಾರಿಗೂ ಅನ್ನಿಸಿದ ಹಾಗಿರಲಿಲ್ಲ. ಮೂಲೆಯಲ್ಲಿ ಕೂತಿದ್ದವನೊಬ್ಬ ಎದ್ದು ನಿಂತ.

"ನಾನು ಬುತ್ತಿ ಒಯ್ದಿಲ್ರಿ ಮೇಡಂ. ಒಂದು ಹುಂಜ ಒಯ್ದೀನಿ. ಅದು ಯಾವುದರಾಗ ಬರತೈತ್ರಿ?"

ಕೋಣೆಯೆಲ್ಲ ನಕ್ಕಿತು. ಶಾಂತಕುಮಾರಿಯೂ ನಕ್ಕಳು. ಆಮೇಲೆ ಬೋರ್ಡಿನ ಮೇಲೆ ಪಾರ್ಸಲ್ ಎಂಬ ಮಾತಿನ ಕೆಳಗೆ ಬುತ್ತಿ, ಗಂಟು, ಚೀಲ, ಡಬ್ಬಿ, ಕೋಳಿ ಎಂದು ಬರೆದಳು. ಪಾಲಯ್ಯನಿಗೆ ಕೇಳಿದ್ದನ್ನೇ ಅವರಿಗೂ ಕೇಳಿದಳು. ಆಗ ನಗು ನಿಂತಿತು.

ಎಲ್ಲರೂ ಹೋದ ಮೇಲೆ ಪಾಲಯ್ಯನ ರೆಕಾರ್ಡು ತೆಗೆದಳು. ಮೊದಲು ಬರೆದ ಸಾಲನ್ನು ಅಳಿಸಲು ಬರುವುದಿಲ್ಲ, ಅಳಿಸಬಾರದು ಕೂಡ ಎಂದಳು. ಅದರ ಕೆಳಗೆ ಬರೆದು ಅವನಿಗೆ ಓದಿ ಹೇಳಿದಳು: ಕೇಳಿದ ಕೂಡಲೇ ನಿಜ ಹೇಳಿದ್ದಾರೆ, ಕೇಳದೆ ಇದ್ದದ್ದನ್ನೂ ಹೇಳಿದ್ದಾರೆ, ನಾವು ಪಾಠದಲ್ಲಿ ಬಳಸಿದ ಮಾತು ಅವರ ಕಡೆಯ ಮಾತಾಗಿರಲಿಲ್ಲ, ಈಗ ಮತ್ತೆ ಪಾಠವಾಗಿದೆ. ಸರಿಯಿದೆಯಾ ಎಂದು ಕೇಳಿದಳು. ಪಾಲಯ್ಯ ಇನ್ನೊಮ್ಮೆ ಓದಿಸಿಕೊಂಡು, ಸರಿ ಐತ್ರಿ ಅಂದ.

ಆರು ದಿನ ಅವನು ಮನೆಯಲ್ಲೇ ಇದ್ದ. ಏಳನೆಯ ದಿನ ಗುಲಾಮಹುಸೇನ ಹೇಳಿ ಕಳಿಸಿದ: ಹನ್ನೊಂದರಲ್ಲಿ ಒಂಬತ್ತು ಮಂದಿ ಒಪ್ಪಿದ್ದಾರೆ, ಇಬ್ಬರು ಈಗಲೂ ಬೇಡ ಅನ್ನುತ್ತಾರೆ. ನಮ್ಮ ಹೂವು ಹಿಡಿಯುವವರು ಒಪ್ಪಿದವರಲ್ಲಿ ಇದ್ದಾರೆ, ಸಾಕು.

ಹೊರಡುವ ದಿನ ಸೀಲು ಒತ್ತಿಸಿಕೊಂಡು ರಸ್ತೆಗೆ ಬಂದರೆ ಚಹಾದಂಗಡಿಯ ಮುಂದೆ ಗುರುಬಸಮ್ಮ ಗಂಟು ಹಿಡಿದು ನಿಂತಿದ್ದಳು. ಪಾಲಯ್ಯ ಗಾಡಿ ನಿಲ್ಲಿಸಿದ, ಕೈ ಮಾತ್ರ ಚಾಚಲಿಲ್ಲ. ಆದದ್ದನ್ನೆಲ್ಲ ಹೇಳಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು.

"ಅವರ ಪುಸ್ತಕದಾಗ ನನ್ನ ಹೆಸರೂ ಬರದಾರೇನು ಪಾಲಣ್ಣ?"

"ಬರದಾರ. ಹನ್ನೊಂದು ಆಫೀಸಿನಾಗೂ ಐತಿ."

"ಏನಂತ?"

"ಮಗಳಿಗೆ ಬುತ್ತಿ ಕೊಟ್ಟಾಕಿ ಅಂತ."

ಅವಳು ಯೋಚಿಸಿದಳು. ಅದರಾಗ ಸುಳ್ಳೇನೂ ಇಲ್ಲ ಬಿಡು ಅಂದಳು. ಗಂಟನ್ನು ಕಂಕುಳಿಗೆ ಏರಿಸಿಕೊಂಡು, ನಾಳೆ ಹೂವಿಗೆ ಬರುವುದಿಲ್ಲವೆಂದು ಹುಸೇನ ಸಾಬರಿಗೆ ಹೇಳು ಎಂದು ಬಸ್ ನಿಲ್ದಾಣದ ಕಡೆ ನಡೆದಳು. ಪಾಲಯ್ಯ ಫೋನು ಮಾಡಿ ಆ ಮಾತು ಮುಟ್ಟಿಸಿದ. ಹತ್ತೂಕಾಲು ಆಗಿತ್ತು. ಇಳಿದು ಹಿಂದಿನ ಸೀಲನ್ನು ಒಮ್ಮೆ ಮುಟ್ಟಿ ನೋಡಿ, ಗಾಡಿ ಹೊರಡಿಸಿದ.