ವರ್ಸೈಗೆ ಹೊರಟ ಹೊಳೆ

ನಾನೂ ನನ್ನ ಅಕ್ಕ ಪೆರೀನಳೂ ವರ್ಸೈ ಅರಮನೆಯ ತೋಟದಲ್ಲಿ ಕಳೆ ಕೀಳುತ್ತಿದ್ದೆವು. ಮೇಲಂತಸ್ತಿನ ಕಿಟಕಿಯಿಂದ ನೋಡಿದರೆ ಅಲ್ಲಿನ ಗಿಡ್ಡ ಪೊದೆಗಳ ಸಾಲು ರೇಷ್ಮೆಯ ಮೇಲೆ ಕಸೂತಿ ಹಾಕಿದ ಹಾಗೆ ಕಾಣುತ್ತದಂತೆ. ನಾವು ಅದನ್ನು ಮೊಣಕಾಲೂರಿ ನೋಡಿದವರು. ನಮಗೆ ಕಂಡದ್ದು ಎಲೆ, ಮಣ್ಣು, ಎಲ್ಲಿಗೂ ಮುಟ್ಟದೆ ಸುತ್ತಿಕೊಂಡು ಹೋಗುವ ಸುರುಳಿಗಳು.

ಆ ತೋಟವನ್ನು ಕಟ್ಟಿದವರು ದಾರ ಹಿಡಿದು ಗೆರೆ ಎಳೆದವರು. ದಾರಿಗಳು ನೆಟ್ಟಗೆ ಆಕಾಶದವರೆಗೆ ಹೋಗುತ್ತಿದ್ದವು. ಮರಗಳು ಕತ್ತರಿಗೆ ಹೆದರಿ ಗೋಡೆಯಂತೆ ನಿಂತಿದ್ದವು. ಮಾತು ಕೇಳದೆ ಇದ್ದದ್ದು ನೀರೊಂದೇ. ನಮ್ಮದು ಜೌಗು ನೆಲ; ಕಾಲಿಗೆ ಅಂಟುವಷ್ಟು ನೀರುಂಟು, ಮೇಲಕ್ಕೆ ಚಿಮ್ಮುವಷ್ಟಿಲ್ಲ. ಗಾಳಿಯಂತ್ರ ಇಟ್ಟು ಎತ್ತಿದರು, ದೊಡ್ಡ ಚಕ್ರಗಳನ್ನು ಹೂಡಿ ಸೀನ್ ನದಿಯನ್ನು ಗುಡ್ಡ ಹತ್ತಿಸಿದರು. ಆದರೂ ಎಲ್ಲ ಕಾರಂಜಿಗಳೂ ಒಟ್ಟಿಗೆ ಆಡುವಷ್ಟು ಒದಗಲಿಲ್ಲ. ಹಾಗಾಗಿ ದೊರೆ ನಡೆದು ಬರುವಾಗ ಕಾರಂಜಿಯವರು ಪೊದೆಯ ಮರೆಯಲ್ಲಿ ಕಾದಿರುತ್ತಿದ್ದರು. ಒಬ್ಬ ಸಿಳ್ಳೆ ಹಾಕಿದರೆ ಮುಂದಿನವನು ತೂಬು ತೆರೆಯಬೇಕು. ದೊರೆಯ ಬೆನ್ನು ತಿರುಗಿದ ಕೂಡಲೇ ಮುಚ್ಚಬೇಕು.

ಎಲ್ವಾ ಅಂಥ ಒಬ್ಬ ಕಾರಂಜಿಯವನು. ಅವನ ಸಿಳ್ಳೆ ತೋಟದ ದೊಡ್ಡ ಕಾಲುವೆಯ ಆಚೆ ದಡಕ್ಕೂ ಕೇಳಿಸುತ್ತಿತ್ತು. ಯಾರೂ ಬಾರದ ಹೊತ್ತಿನಲ್ಲೂ ಕೇಳಿಸುತ್ತಿತ್ತು.

“ಏನೇ ಪೆರೀನ್, ದೊರೆ ಇಲ್ಲ, ದೊರೆಸಾನಿ ಇಲ್ಲ, ಇವ್ನು ಯಾರಿಗೆ ಸಿಳ್ಳೆ ಹೊಡೀತಿದಾನೆ?” ಎಂದು ನಮ್ಮ ಜೊತೆಯ ಮುದುಕಿ ಗಿಯೆಮೆತ್ ಕೆಣಕುವಳು.

“ನಿಂಗೇ ಇರ್ಬೇಕು ಅಜ್ಜಿ. ತಲೆ ಬಾಚ್ಕೊ” ಎನ್ನುವಳು ಅಕ್ಕ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಆಗಲೇ ಆ ದೊಡ್ಡ ಕೆಲಸ ಶುರುವಾದದ್ದು. ದೂರದ ಯೂರ್ ಹೊಳೆಯನ್ನೇ ತಿರುಗಿಸಿ ತೋಟಕ್ಕೆ ತರುವುದೆಂದು ತೀರ್ಮಾನವಾಯಿತು. ಮೆಂತೆನೋನ್ ಊರಿನ ಹತ್ತಿರ ಕಣಿವೆಗೆ ಅಡ್ಡವಾಗಿ ಕಮಾನುಗಳನ್ನು ಕಟ್ಟಿ, ಅವುಗಳ ಮೇಲೆ ನೀರು ಹರಿಸುವುದು. ಸೈನಿಕರ ದಂಡು ದಂಡೇ ಸಲಿಕೆ ಹಿಡಿದು ಹೊರಟಿತು. ಕೊಳವೆ, ತೂಬು ಬಲ್ಲವರೂ ಬೇಕೆಂದರು. ಹೋದವರಿಗೆ, ಹೊಳೆ ಬಂದ ಮೇಲೆ ಕಾಯಂ ಕೆಲಸ, ಇರಲು ಮನೆ ಎಂದರು. ಎಲ್ವಾ ಹೆಸರು ಕೊಟ್ಟ.

“ಒಂದು ಬೇಸಿಗೆ ಕಣೆ” ಎಂದ ಅಕ್ಕನಿಗೆ. “ಹೊಳೆ ಬಂದ್ರೆ ಕಾರಂಜಿ ಹಗಲೆಲ್ಲಾ ಆಡ್ತಾವೆ. ನಾನು ಮರೇಲಿ ನಿಂತು ಸಿಳ್ಳೆ ಹಾಕೋದೂ ಬೇಡ. ಮನೇಲೇ ಇರ್ತೀನಿ, ನಿನ್ನ ಕೈಲಿ ಬೈಸ್ಕೊಂಡು.”

“ಈಗ್ಲೇ ಬೈತೀನಲ್ಲ, ಸಾಲ್ದಾ?”

ಬೇಸಿಗೆ ಕಳೆಯಿತು. ಇನ್ನೊಂದು ಬೇಸಿಗೆಯೂ ಕಳೆಯಿತು. ಆ ಕಡೆಯಿಂದ ಕಾಯಿಲೆಯವರನ್ನು ಹೊತ್ತ ಗಾಡಿಗಳು ಬರತೊಡಗಿದವು. ಜೌಗು ಅಗೆದಲ್ಲೆಲ್ಲ ಜ್ವರ ಎದ್ದಿದೆಯೆಂದೂ ಸತ್ತವರ ಮಾತನ್ನು ಯಾರೂ ಎತ್ತಬಾರದೆಂದೂ ಜನ ಪಿಸುಗುಟ್ಟಿದರು. ಅಕ್ಕ ಪ್ರತಿ ಗಾಡಿಯ ಹಿಂದೆ ಹೋಗಿ ಮುಖಗಳನ್ನು ನೋಡಿ ಬರುತ್ತಿದ್ದಳು. ಊಟಕ್ಕೆ ಕೂತರೆ ಸಾರಿನಲ್ಲಿ ರೊಟ್ಟಿ ನೆನೆದು ಕರಗುವವರೆಗೂ ಸುಮ್ಮನೆ ನೋಡುತ್ತಿರುವಳು. ಒಂದು ದಿನ ಕಳೆ ಕೀಳುವ ಕತ್ತಿಯನ್ನು ಪೊದೆಯ ಬುಡದಲ್ಲಿ ಚುಚ್ಚಿ ಎದ್ದಳು.

“ತ್ವಾನೆತ್, ನಾನು ಹೋಗ್ತೀನಿ. ಬರೋದಾದ್ರೆ ಬಾ.”

ಹೋದೆ. ರೊಟ್ಟಿ, ಗಿಣ್ಣು ಕಟ್ಟಿಕೊಂಡು ಗೋಧಿ ಹೊಲಗಳ ನಡುವೆ ನಡೆದೆವು. ರಾತ್ರಿ ಒಬ್ಬ ರೈತನ ಹುಲ್ಲಿನ ಮನೆಯಲ್ಲಿ ಮಲಗಿದೆವು. ಮರುದಿನ ಮಧ್ಯಾಹ್ನ ಕಣಿವೆ ಕಂಡಿತು. ಕಮಾನುಗಳ ಸಾಲು ಚರ್ಚಿಗಿಂತ ಎತ್ತರವಾಗಿ ನಿಂತಿತ್ತು. ಅದು ಕೆಳಗಿನ ಅಂತಸ್ತು ಮಾತ್ರವಂತೆ. ಅದರ ಮೇಲೆ ಇನ್ನೂ ಏರಬೇಕಿತ್ತಂತೆ. ಬುಡದಲ್ಲಿ ಇರುವೆಗಳಂತೆ ಜನ.

ಎಲ್ವಾ ಒಂದು ಕಲ್ಲಿನ ಮೇಲೆ ಕುಳಿತು ಬಿಸಿಲು ಕಾಯಿಸುತ್ತಿದ್ದ. ನಾನು ಗುರುತಿಸಲಿಲ್ಲ. ಅಕ್ಕ ಗುರುತಿಸಿದಳು. ಮುಖ ಹಳದಿಯಾಗಿತ್ತು. ನಮ್ಮನ್ನು ಕಂಡು ನಗಲು ಹೋದವನು ಬಾಯಿಗೆ ಕೈ ಅಡ್ಡ ಹಿಡಿದ. ಮುಂದಿನ ಹಲ್ಲುಗಳು ಬಿದ್ದುಹೋಗಿದ್ದವು.

“ಗಾಳಿ ಸೋರುತ್ತೆ ಕಣೆ, ಸಿಳ್ಳೆ ಬರಲ್ಲ” ಎಂದ. “ಸಿಳ್ಳೆ ಬರದೋನನ್ನ ತೋಟಕ್ಕೆ ಯಾರು ಸೇರಿಸ್ತಾರೆ? ಅದಕ್ಕೇ ಬರ್ಲಿಲ್ಲ. ಹೊಳೆ ಬರ್ಲಿ. ಆಮೇಲೆ ಸಿಳ್ಳೆ ಯಾರಿಗೆ ಬೇಕು? ಹೊಳೆ ಮುಂದೆ ಮುಂದೆ ನಾನೇ ನಡ್ಕೊಂಡು ಬರ್ತೀನಿ.”

“ನಂಗೆ ಹೊಳೆ ಬೇಕು ಅಂದ್ನಾ? ಏಳು, ಹೊರಡು.”

“ಬರೀ ಕೈಲಿ ಹೇಗೆ ಬರ್ಲಿ, ಪೆರೀನ್?”

ಅಕ್ಕ ಅವನನ್ನು ಬಾಯಿಗೆ ಬಂದಂತೆ ಬೈದಳು. ಕಲ್ಲುಕುಟಿಗರು ಉಳಿ ನಿಲ್ಲಿಸಿ ಕೇಳಿದರು. ಬೈದು ದಣಿದ ಮೇಲೆ ಅವನ ಪಕ್ಕದಲ್ಲಿ ಕುಳಿತು, ಗಿಣ್ಣನ್ನು ಸಣ್ಣ ಸಣ್ಣ ಚೂರು ಮಾಡಿ ಅವನ ಕೈಗಿಟ್ಟಳು. ಸಂಜೆ ನಾನು ಗಂಟು ಎತ್ತಿಕೊಂಡಾಗ ಅವಳು ಏಳಲಿಲ್ಲ.

“ನೀನು ಹೋಗು. ಅಪ್ಪಂಗೆ ಹೇಳು, ಇಲ್ಲಿ ಬಟ್ಟೆ ಒಗೆಯೋರು ಬೇಕಂತೆ ಅಂತ.”

ದಂಡಿನ ಪಾದ್ರಿ ಅವರಿಬ್ಬರಿಗೂ ಮದುವೆ ಮಾಡಿಸಿದರೆಂದು ಆಮೇಲೆ ಒಬ್ಬ ಗಾಡಿಯವನು ಹೇಳಿದ. ಮುಂದಿನ ವಸಂತದಲ್ಲಿ ಎಲ್ವಾ ಜ್ವರದಲ್ಲಿ ಹೋದ ಎಂದೂ ಅವನೇ ಬಂದು ಹೇಳಿದ. ಅಕ್ಕ ಬರುತ್ತಾಳೆಂದು ಅವಳ ಹಾಸಿಗೆಗೆ ಹೊಸ ಹುಲ್ಲು ತುಂಬಿದೆ. ಬರಲಿಲ್ಲ. ಶರತ್ಕಾಲದಲ್ಲಿ ರೈನ್ ನದಿಯ ಕಡೆ ಯುದ್ಧ ಹೊತ್ತಿಕೊಂಡಿತು. ಸೈನಿಕರು ಸಲಿಕೆ ಬಿಟ್ಟು ಕೋವಿ ಹಿಡಿದು ಹೋದರು, ಕೆಲಸ ನಿಂತಿತು. ಈಗಲಾದರೂ ಬಂದಾಳು ಅಂದುಕೊಂಡೆ. ಆಗಲೂ ಬರಲಿಲ್ಲ.

ಆ ವರ್ಷಗಳನ್ನು ಹೇಗೆ ಕಳೆದೆನೋ. ಸಾಲಿನ ಕೊನೆಗೆ ಬಂದಾಗಲೆಲ್ಲ ಪಕ್ಕದ ಸಾಲಿನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆಯುತ್ತಿದ್ದೆ. ಅಲ್ಲಿ ಬೇರೆ ಯಾರೋ ಮೊಣಕಾಲೂರಿರುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ತಡೆಯಲಾರದೆ ಒಬ್ಬಳೇ ಹೊರಟೆ. ಹೊಳೆಗೆಂದು ತೋಡಿದ ಕಾಲುವೆಯಲ್ಲಿ ಹುಲ್ಲು ಎದೆಯೆತ್ತರ ಬೆಳೆದಿತ್ತು. ಅಕ್ಕ ಅದರೊಳಗೆ ಆಡು ಮೇಯಿಸುತ್ತಿದ್ದಳು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ದಪ್ಪ ಆಗಿದ್ದೀಯ.”

“ಅಪ್ಪ ಹೋದ್ರು, ಅಕ್ಕ.”

ಕಾಲುವೆಯ ಏರಿಯ ಮೇಲೆ ಕುಳಿತು ಇಬ್ಬರೂ ಅತ್ತೆವು. ಆಮೇಲೆ ಹೇಳಿದೆ: “ಬಾ ಅಕ್ಕ, ಮನೆಗೆ ಹೋಗೋಣ. ನೀನಿಲ್ದೆ ಆಗ್ತಿಲ್ಲ ನಂಗೆ.”

ಅವಳು ಕಮಾನುಗಳ ಕಡೆಗೆ ನೋಡಿದಳು. “ಅಲ್ಲಿ ಎಲ್ಲಾನೂ ಕತ್ತರಿಸಿ ನಿಲ್ಸಿದಾರೆ ತ್ವಾನೆತ್. ಇಲ್ಲಿ ಅವ್ನು ಅಗೆದ ಮಣ್ಣಿದೆ. ಯಾವ್ದು ಅವ್ನು ಅಗೆದಿದ್ದು ಅಂತ ಗೊತ್ತಿಲ್ಲ, ಅದಕ್ಕೇ ಎಲ್ಲಾ ಕಡೆ ಆಡು ಮೇಯಿಸ್ತೀನಿ.” ಆಮೇಲೆ ನನ್ನ ಕೈ ಹಿಡಿದಳು. “ನೀನೇ ಇರು ನಾಲ್ಕು ದಿನ.”

ಇದ್ದೆ. ಆಡಿನ ಹಾಲು ಕಾಯಿಸಿ ಕೊಟ್ಟಳು, ತಲೆ ಬಾಚಿದಳು, ಅಮ್ಮನ ಕತೆಗಳನ್ನು ಹೇಳಿದಳು. ಹೊರಟ ಬೆಳಿಗ್ಗೆ ಏರಿಯ ತುದಿಯವರೆಗೂ ಬಂದಳು. ಪಾಪ್ಲರ್ ಮರಗಳ ಹತ್ತಿರ ಹೋಗಿ ನಾನು ತಿರುಗಿ ನೋಡಿದಾಗ ಒಂದು ಆಡಿನ ಮರಿ ದಾರಿ ತಪ್ಪಿ ಹೊಲಕ್ಕೆ ನುಗ್ಗಿತ್ತು. ಅಕ್ಕ ಲಂಗ ಎತ್ತಿಕಟ್ಟಿ ಅದರ ಹಿಂದೆ ಓಡುತ್ತಿದ್ದಳು.